ತಿಂಗಳಿಲ್ಲದ ವಾಯಿದೆ

ದೇಶ ಗಣರಾಜ್ಯವಾದ ಮರುವರ್ಷದ ಕೇಂದ್ರ ಬಜೆಟ್ಟನ್ನು ಬಳ್ಳಾರಿಯ ಜನ ನಮ್ಮ ಕಚೇರಿಯ ಮುಂದಿನ ಕರಿಹಲಗೆಯ ಮೇಲೆ ಓದಿದರು. ಪತ್ರಿಕೆ ಬೆಳಿಗ್ಗೆ ಹೊರಬರುತ್ತಿತ್ತು. ಅಷ್ಟರವರೆಗೆ ಕಾಯಲಾರದವರಿಗೆ ಸಂಜೆ ಹಲಗೆ ಇರುತ್ತಿತ್ತು. ದಿನವೂ ಹತ್ತಿ, ಶೇಂಗಾದ ದರ ಬರೆಯುತ್ತಿದ್ದ ಹಲಗೆಯೇ ಅದು. ದೊಡ್ಡ ಸುದ್ದಿ ಬಂದ ದಿನ ದರಗಳನ್ನು ಒಂದು ಬದಿಗೆ ಒತ್ತರಿಸಿ ಸುದ್ದಿ ಬರೆಯುತ್ತಿದ್ದೆವು.

ದಿಲ್ಲಿಯ ಸುದ್ದಿ ತಂತಿಯ ಮೂಲಕ ಇಂಗ್ಲಿಷಿನಲ್ಲಿ, ತುಂಡು ತುಂಡಾಗಿ ಬರುತ್ತಿತ್ತು. ಅದನ್ನು ಕನ್ನಡಕ್ಕೆ ತರುವುದು ಉಪಸಂಪಾದಕನಾದ ನನ್ನ ಕೆಲಸ. ಮೊದಲು ತೆರಿಗೆಯ ಸಂಗತಿ ಬಂತು, ಆಮೇಲೆ ಆಹಾರ, ಆಮೇಲೆ ನದಿ ಯೋಜನೆಗಳು. ನದಿ ಯೋಜನೆಗಳಿಗೆ ದಿಲ್ಲಿ ಮೊದಲ ಸ್ಥಾನ ಕೊಟ್ಟಿದೆ, ರಾಜ್ಯಗಳಿಗೆ ಅದಕ್ಕಾಗಿ ಸಾಲ ಮುಂದುವರಿಯುತ್ತದೆ, ಗುರಿ ನೀರಾವರಿ ಮತ್ತು ವಿದ್ಯುತ್ ಎಂಬಷ್ಟು ತಂತಿಯಲ್ಲಿತ್ತು. ಇನ್ನೂ ಕಟ್ಟುತ್ತಿದ್ದ ನಮ್ಮ ತುಂಗಭದ್ರೆಯ ಅಣೆಕಟ್ಟೂ ಆ ಪಟ್ಟಿಯಲ್ಲಿತ್ತು. ನಮ್ಮ ಜಿಲ್ಲೆ ಆಗ ಮದ್ರಾಸ್ ರಾಜ್ಯದಲ್ಲಿತ್ತಾದ್ದರಿಂದ ಸಾಲ ಮದ್ರಾಸಿನ ಮೂಲಕವೇ ಬರಬೇಕು. ನಾನು ಬರೆದುಕೊಟ್ಟದ್ದು ಇಷ್ಟು: 'ತುಂಗಭದ್ರೆಗೆ ಮದ್ರಾಸಿನ ಮೂಲಕ ಕೇಂದ್ರದ ಸಾಲ. ನೀರಾವರಿ, ವಿದ್ಯುತ್ ಗುರಿ.' ದರದ ಗುಮಾಸ್ತ ಸೀಮೆಸುಣ್ಣದಿಂದ ಅದನ್ನು ಕನ್ನಡದಲ್ಲೂ ತೆಲುಗಿನಲ್ಲೂ ಬರೆದ.

ಬರೆದು ಮುಗಿಸುವಷ್ಟರಲ್ಲಿ ಕೆಳಗೆ ಜಗಳ ಶುರುವಾಯಿತು. ಬಳ್ಳಾರಿ ಮೈಸೂರಿನ ಕನ್ನಡಿಗರ ಪಾಲಾಗಬೇಕೋ, ಮದ್ರಾಸಿನ ತೆಲುಗರ ಪಾಲಾಗಬೇಕೋ ಎಂಬ ಕದನದ ಕಾಲ ಅದು.

"ಮದ್ರಾಸಿನ ಮೂಲಕ ಅಂದ್ರ ಏನರ್ಥ? ಊರನ್ನೂ ಅವರಿಗೇ ಬರ್ಕೊಟ್ರೇನು?" ಎಂದ ಒಬ್ಬ.

"ಹೊಳಿ ಮ್ಯಾಲ ನಿನ್ನ ಹೆಸರು ಕೊರ್ದೈತೇನಯ್ಯಾ?" ಎಂದ ತೆಲುಗಿನವನೊಬ್ಬ, ಅವನಿಗೆ ತಿಳಿಯಲೆಂದು ಕನ್ನಡದಲ್ಲೇ.

ಅಂಗಿ ಹರಿಯಿತು. ನಾವು ಮೂರ್ನಾಲ್ಕು ಮಂದಿ ಇಳಿದು ಹೋಗಿ ಬಿಡಿಸಿದೆವು. ಆದರೆ ಅಂದು ಗಮನಿಸಬೇಕಾಗಿದ್ದವರು ಜಗಳವಾಡಿದವರಲ್ಲ. ಹಲಗೆಯನ್ನು ಒಮ್ಮೆ ಓದಿ, ಮಾತಾಡದೆ, ಬಜಾರಿನ ಕಡೆ ಬೇಗ ಬೇಗ ನಡೆದುಹೋದವರು.

ಅವರು ವಾಯಿದೆಯ ಮಂದಿ. ಇನ್ನೂ ಹೊಲದಲ್ಲಿರುವ ಶೇಂಗಾವನ್ನು, ಇಂಥ ತಿಂಗಳಿಗೆ ಇಂಥ ದರಕ್ಕೆ ಎಂದು ಇಂದೇ ಮಾರುವುದು ಮತ್ತು ಕೊಳ್ಳುವುದು ವಾಯಿದೆ. ಸರ್ಕಾರ ಅದನ್ನು ನಿಷೇಧಿಸಿದ ವರ್ಷಗಳಲ್ಲೂ ಬಾಯಿಮಾತಿನಲ್ಲಿ ಅದು ನಡೆದೇ ಇತ್ತು. ಮಾಲು ಕಣ್ಣಿಗೆ ಬೀಳುವ ಮೊದಲೇ ಎಷ್ಟೋ ಕೈ ಬದಲಾಗಿರುತ್ತದೆ. ಮಾತು ಬಂತೆಂದರೆ ಮಾಲು ಬಂದಂತೆ ಎಂದು ನಂಬಿ ಬೆಳೆದ ಪೇಟೆ ನಮ್ಮದು. ಹಲಗೆಯ ಮೇಲೆ ದಿಲ್ಲಿಯ ಮಾತು ಬಂದಿತ್ತು, ಅದರಲ್ಲಿ ವಿದ್ಯುತ್ ಎಂದಿತ್ತು. ಅವರ ಲೆಕ್ಕದಲ್ಲಿ ಕರೆಂಟು ಅಂದೇ ಹಳ್ಳಿಗಳನ್ನು ಮುಟ್ಟಿತು. ಕರೆಂಟು ಬಂದ ಊರಿನಲ್ಲಿ ಗಿರಣಿ ನಡೆಸುವ ಆಯಿಲ್ ಎಂಜಿನ್ ಯಾರಿಗೆ ಬೇಕು? ಮರುದಿನ ಪೇಟೆ ತೆರೆದಾಗ ಹಳೆಯ ಎಂಜಿನ್ನಿನ ಬೆಲೆ ಬಿದ್ದಿತ್ತು. ಆಮೇಲೆ ಪ್ರತಿದಿನ ಬೀಳುತ್ತಲೇ ಹೋಯಿತು.

ಹಳ್ಳಿಗಳ ಅಭಿಪ್ರಾಯ ತರಲು ಸಂಪಾದಕರು ನನ್ನನ್ನು ಸಿರುಗುಪ್ಪಕ್ಕೆ ಕಳಿಸಿದರು. ಅವರಿಗೆ ಒಂದೇ ನಿಯಮ: ಹೇಳಿದ್ದನ್ನು ಬರೆಯುವುದು. ಹೇಳದೆ ಇದ್ದದ್ದು ಪತ್ರಿಕೆಗೆ ಸೇರಿದ್ದಲ್ಲ.

ಸಿರುಗುಪ್ಪದಲ್ಲಿ ಹಳೆಯ ಕಾಲುವೆಗಳಿಂದಾಗಿ ಭತ್ತ ಬೆಳೆಯುತ್ತಿತ್ತು, ಅಕ್ಕಿ ಗಿರಣಿಗಳಿದ್ದವು. ಎಲ್ಲವೂ ಎಂಜಿನ್ನಿನ ಮೇಲೆ ನಡೆಯುವಂಥವು. ನಾನು ಹೋದ ಗಿರಣಿಯಲ್ಲಿ ಎಂಜಿನ್ ಕೂತಿದ್ದ ಜಾಗ ಖಾಲಿಯಾಗಿತ್ತು. ನೆಲದಲ್ಲಿ ನಾಲ್ಕು ಬೋಲ್ಟು ಮೇಲೆದ್ದು ನಿಂತಿದ್ದವು, ಸುತ್ತ ಎಣ್ಣೆಯ ಕಲೆ. ಹೊರಗಿನ ಕಣದಲ್ಲಿ ಭತ್ತ ಒಣಗಿಸುವ ಹೆಂಗಸರು ಕೆಲಸವಿಲ್ಲದೆ ಕೂತಿದ್ದರು. ಪತ್ರಿಕೆಯವನು ಎಂದು ತಿಳಿದೊಡನೆ ಅವರಲ್ಲೊಬ್ಬಳು ನನ್ನ ಕಡೆ ಬೆನ್ನು ತಿರುಗಿಸಿ ಕೂತಳು.

ಗಿರಣಿಯ ಯಜಮಾನ ಮಾತ್ರ ಸಂತೋಷದಲ್ಲಿದ್ದ. ಇನ್ನೂ ಬೆಲೆ ಇರುವಾಗಲೇ ಕೊಟ್ಟೆ, ಪಕ್ಕದವನು ನಾಳೆ ಕೊಡುತ್ತಾನೆ, ಅವನಿಗೆ ಇನ್ನೂ ಕಡಿಮೆ ಬರುತ್ತದೆ ಎಂದು ನಕ್ಕ. ಕೊಂಡವನು ಗುಂತಕಲ್ ಕಡೆಯ ಒಬ್ಬ ದಳ್ಳಾಳಿಯಂತೆ. ಹೊಳೆ ಇಲ್ಲದ ಜಿಲ್ಲೆಗಳಿಗೆ ಸಾಗಿಸುತ್ತಿದ್ದಾನಂತೆ. ದಿಲ್ಲಿ ಕೊಟ್ಟದ್ದು ಸಾಲ, ಕರೆಂಟು ಅಲ್ಲ ಎಂದು ನಾನು ಹೇಳಿದೆ.

"ನಿಮ್ಮ ಪೇಪರ್‌ನಾಗ ಬಂದದ್ದನ್ನ ನೀವೇ ಇಲ್ಲ ಅಂತೀರೇನ್ರಿ?" ಎಂದ ಅವನು. "ಸಾಲ ಕೊಟ್ಟಾವ ಮಾಲು ಎತ್ತಲಾರದ ಬಿಡ್ತಾನೇನು?"

ಹೊರಡುವಾಗ ರಸ್ತೆಯಲ್ಲಿ ಎರಡು ಬಂಡಿಗಳು ಎದುರಾದವು. ಎರಡರಲ್ಲೂ ಎಂಜಿನ್ ಇತ್ತು, ಹುಲ್ಲು ಹಾಸಿ ಹಗ್ಗ ಬಿಗಿದಿದ್ದರು. ಒಂದು ಮೋಕ ಎಂಬ ಹಳ್ಳಿಯ ಕಡೆಯಿಂದ ಬಂದದ್ದು ಎಂದು ಬಂಡಿಯವನು ಹೇಳಿದ.

ಮರುದಿನ ಕುರುಗೋಡಿಗೆ ಹೋದೆ. ಅಲ್ಲಿ ಒಬ್ಬ ವಿಧವೆ ಹಿಟ್ಟಿನ ಗಿರಣಿ ನಡೆಸುತ್ತಿದ್ದಳು. ಊರವರು ಅವಳನ್ನು ಗಿರಣಿ ಅಕ್ಕ ಎನ್ನುತ್ತಿದ್ದರು. ಬಾದನಹಟ್ಟಿಯಿಂದಲೂ ಜೋಳ ಹೊತ್ತು ಅವಳಲ್ಲಿಗೆ ಬರುತ್ತಿದ್ದರು. ಗಂಡ ತೀರಿದ ಮೇಲೆ ಎಂಜಿನ್ ಹಚ್ಚುವುದನ್ನು ತಾನೇ ಕಲಿತಿದ್ದಳು. ಮೈದುನ, ಅಂದರೆ ಗಂಡನ ತಮ್ಮ, ಗಿರಣಿಯಲ್ಲಿ ತನಗೂ ಅರ್ಧ ಇದೆ, ಎಂಜಿನ್ನನ್ನು ಗುಂತಕಲ್ಲಿನ ಆ ದಳ್ಳಾಳಿಗೇ ಕೊಡೋಣ ಎಂದು ಪಟ್ಟು ಹಿಡಿದಿದ್ದ. ದರವನ್ನೂ ಮಾತಾಡಿಬಿಟ್ಟಿದ್ದ. ದಳ್ಳಾಳಿ ಸೋಮವಾರ ಬಂಡಿಯೊಂದಿಗೆ ಬರುವವನಿದ್ದ.

ಅವಳು ಎಂಜಿನ್ನಿನ ಪಟ್ಟ ಜಾರದಿರಲೆಂದು ಅದರ ಮೇಲೆ ರಾಳ ಉಜ್ಜುತ್ತಲೇ ಮಾತಾಡಿದಳು. ನನ್ನ ಮುಖ ನೋಡಲಿಲ್ಲ.

"ಕೊಟ್ರ ನಾಳಿಂದ ನಾನು ಇವನ ಒಲಿ ಮುಂದ ಕೂಡಬೇಕು. ಅವನ ಹೆಂಡ್ತಿ ಬಡಿಸಿದ್ದು ಉಣ್ಣಬೇಕು. ಕೊಡಲಿಲ್ಲಂದ್ರ, ಇದೇ ವರ್ಷ ಕರೆಂಟ್ ಬಂತಂದ್ರ, ಇದು ಬರೇ ಕಬ್ಬಿಣ. ಆವಾಗೂ ಅವನ ಒಲೀನ. ನೀವು ಓದಿದವರು ಒಂದು ಹೇಳ್ರಿ, ಈ ವರ್ಷ ಬರ್ತೈತೋ ಇಲ್ಲೋ?"

ನನಗೆ ತಿಳಿದಿರಲಿಲ್ಲ. ವಿಚಾರಿಸಿ ತಿಳಿಸುತ್ತೇನೆ ಎಂದೆ. ಮೈದುನ ಬಾಗಿಲಲ್ಲಿ ನಿಂತು ಕೇಳಿಸಿಕೊಳ್ಳುತ್ತಿದ್ದ. ತಿಳಿಸಾಕ ಇವನ್ಯಾರಲೇ ಎಂದು ಯಾರಿಗೋ ಕೇಳುವಂತೆ ಹೇಳಿದ.

ಬಳ್ಳಾರಿಗೆ ಬಂದವನೇ ಎರಡು ಕಡೆ ವಿಚಾರಿಸಿದೆ. ಅಣೆಕಟ್ಟಿನ ಕೆಲಸದ ಮೇಲೆ ಊರಿಗೆ ಬಂದಿದ್ದ ಒಬ್ಬ ಎಂಜಿನಿಯರರನ್ನು ಕಂಡೆ. ಹೆಸರು ಹಾಕಬಾರದೆಂಬ ಷರತ್ತಿನ ಮೇಲೆ ಅವರು ಮಾತಾಡಿದರು. ಗೋಡೆ ಏಳಬೇಕು, ನೀರು ನಿಲ್ಲಬೇಕು, ಆಮೇಲೆ ವಿದ್ಯುತ್ತಿನ ಯಂತ್ರಗಳು. ಅವು ಹಡಗಿನಲ್ಲಿ ಹೊರದೇಶದಿಂದ ಬರಬೇಕು, ಕೊಳ್ಳಲು ಆ ದೇಶದ ನಾಣ್ಯ ಬೇಕು, ಅದಕ್ಕೆ ದಿಲ್ಲಿಯಲ್ಲಿ ಬೇರೆ ಸರದಿ. ಇಷ್ಟೆಲ್ಲ ಆದ ಮೇಲೆ ಕಂಬ, ತಂತಿ. ವರ್ಷ ಯಾವುದು ಎಂದು ಕೇಳಿದೆ. ಅದನ್ನು ಹೇಳುವ ಅಧಿಕಾರ ತಮಗಿಲ್ಲ, ಇರುವವರಿಗೂ ತಿಳಿದಿರಲಾರದು ಎಂದರು.

ಎರಡನೆಯದು, ರೈಲಿನಲ್ಲಿ ಬರುವ ಮದ್ರಾಸಿನ ಇಂಗ್ಲಿಷ್ ಪತ್ರಿಕೆ. ಅಷ್ಟರಲ್ಲಿ ಅದರಲ್ಲಿ ಬಜೆಟ್ ಭಾಷಣ ಪೂರ್ತಿಯಾಗಿ ಬಂದಿತ್ತು. ತಂತಿಯಲ್ಲಿ ಬಂದದ್ದನ್ನು ಅದರ ಪಕ್ಕದಲ್ಲಿಟ್ಟು ಸಾಲು ಸಾಲಾಗಿ ಓದಿದೆ. ನಮ್ಮ ವರದಿಯಲ್ಲಿ ತಪ್ಪಿರಲಿಲ್ಲ. ನದಿಗೆ ಮೊದಲ ಸ್ಥಾನ, ಸಾಲ, ಗುರಿ, ಎಲ್ಲವೂ ಇದ್ದವು. ತುಂಗಭದ್ರೆಯ ಕರೆಂಟು ಯಾವ ತಿಂಗಳಿಗೆ, ಯಾವ ವರ್ಷಕ್ಕೆ ಎಂಬುದು ಮಾತ್ರ ಎಲ್ಲೂ ಇರಲಿಲ್ಲ.

ಸಂಪಾದಕರ ಮುಂದೆ ಎರಡನ್ನೂ ಇಟ್ಟೆ. ಅವರು ಎಂಜಿನಿಯರರ ಮಾತನ್ನು ಮೊದಲಿಗೇ ಹೊಡೆದುಹಾಕಿದರು. ಹೆಸರಿಲ್ಲದವನ ಬಾಯಿಗೆ ನಮ್ಮ ಪತ್ರಿಕೆ ತುತ್ತೂರಿಯಾಗುವುದಿಲ್ಲ ಎಂದರು. ಭಾಷಣದ ವಿಷಯಕ್ಕೆ, ಅದರಲ್ಲಿ ಏನಿದೆಯೋ ಅದನ್ನು ಹಾಕಿಯಾಗಿದೆ, ಏನಿಲ್ಲವೋ ಅದನ್ನು ಹಾಕುತ್ತಾ ಕೂತರೆ ಪ್ರಪಂಚದಲ್ಲಿರುವ ಕಾಗದ ಸಾಲದು ಎಂದರು. ನಾನು ಕುರುಗೋಡಿನ ಸೋಮವಾರದ ಮಾತು ಹೇಳಿದೆ. ಒಬ್ಬ ಹೆಂಗಸಿನ ಎಂಜಿನ್ ಸುದ್ದಿಯಲ್ಲ ಎಂದರು.

ಆ ಹೊತ್ತಿಗೆ ಮಾಲೀಕರು ಒಳಬಂದರು. ಅವರದು ಹತ್ತಿ ಜಿನ್ನಿಂಗ್ ಮಿಲ್ಲು. ಪತ್ರಿಕೆ ಅವರಿಗೆ ಗೌರವಕ್ಕೆ ಇದ್ದದ್ದು. ಮಾತು ಯಾವುದೆಂದು ತಿಳಿದೊಡನೆ ಮುಖ ಗಂಟಿಕ್ಕಿದರು.

"ಊರಿಗೆ ಬೆಳಕು ಬರ್ತೈತಿ ಅಂತ ಮಂದಿ ಖುಷಿಯಾಗ್ಯಾರ. ನೀವು ದೀಪ ಆರಿಸಾಕ ಕುಂತೀರಿ."

ದೀಪ ಇನ್ನೂ ಹತ್ತಿಲ್ಲ ಎಂದೆ ನಾನು.

"ನಿಮ್ಮನ್ನ ಕೇಳಲಿಲ್ಲ. ನಾನು ನನ್ನ ಮಿಲ್ಲಿನ ಹಳೀ ಎಂಜಿನ್ ಕೊಟ್ಟೀನಿ. ನನ್ನ ಪೇಪರ್‌ನಾಗ ನನ್ನನ್ನ ಹುಚ್ಚನ ಮಾಡ್ತೀರೇನು?"

ಮೊದಲ ಪುಟದಲ್ಲಾಗಲಿ ಎರಡನೆಯದರಲ್ಲಾಗಲಿ ಇದರ ಒಂದು ಅಕ್ಷರವೂ ಬರಕೂಡದು ಎಂದು ಹೇಳಿ ಅವರು ಹೋದರು.

ಅವರು ಹೆಸರಿಸಿದ್ದು ಎರಡು ಪುಟ. ನಮ್ಮದು ನಾಲ್ಕು ಪುಟದ ಪತ್ರಿಕೆ. ಕೊನೆಯ ಪುಟದಲ್ಲಿ ಪೇಟೆ ಧಾರಣೆ ಇರುತ್ತಿತ್ತು, ಅದನ್ನು ಮಾಲೀಕರು ಎಂದೂ ಮುಟ್ಟಿದವರಲ್ಲ. ಒಂದು ಬಾರಿ ಅಲ್ಲಿ ಸುಳ್ಳು ದರ ಬಂತೆಂದರೆ ಬಜಾರಿನಲ್ಲಿ ಪತ್ರಿಕೆ ಸತ್ತಂತೆ, ಅದನ್ನು ಅವರೂ ಬಲ್ಲರು. ವಾಯಿದೆಯ ದರ ಹಾಕುವಾಗ ಅಲ್ಲಿ ಮುರಿಯಲಾರದ ಒಂದು ರೂಢಿ ಇತ್ತು: ಮಾಲಿನ ಹೆಸರು, ಡೆಲಿವರಿಯ ತಿಂಗಳು, ದರ. ತಿಂಗಳು ಇಲ್ಲದಿದ್ದರೆ ಅದು ವಾಯಿದೆಯೇ ಅಲ್ಲ, ಅದನ್ನು ಯಾರೂ ಕೊಳ್ಳುವುದಿಲ್ಲ, ಮಾರುವುದಿಲ್ಲ.

ನಾನು ದರದ ಗುಮಾಸ್ತನ ಮೇಜಿಗೆ ಹೋಗಿ ಎರಡು ಸಾಲು ಬರೆದೆ. 'ಹಳೆಯ ಆಯಿಲ್ ಎಂಜಿನ್: ಮಾರುವವರು ಈ ಜಿಲ್ಲೆಯವರು, ಕೊಳ್ಳುವವರು ಹೊರಗಿನವರು. ಹೊಳೆಯ ಕರೆಂಟು: ಡೆಲಿವರಿಯ ತಿಂಗಳನ್ನು ಬಜೆಟ್ಟಿನಲ್ಲಿ ಹೇಳಿಲ್ಲ.' ಅದನ್ನು ಸಂಪಾದಕರಿಗೆ ತೋರಿಸಿದೆ. ಬಚ್ಚಿಟ್ಟು ಹಾಕುವ ಉದ್ದೇಶವಿರಲಿಲ್ಲ.

ಅವರು ಅದನ್ನು ಓದಿದರು. ಆಮೇಲೆ ಮದ್ರಾಸಿನ ಪತ್ರಿಕೆಯನ್ನು ಕೇಳಿ ಪಡೆದು, ಅಳತೆಪಟ್ಟಿಯನ್ನು ಸಾಲಿನ ಕೆಳಗಿಟ್ಟುಕೊಂಡು ಭಾಷಣವನ್ನು ಮೊದಲಿಂದ ಕೊನೆಯವರೆಗೆ ತಾವೇ ಓದಿದರು. ಅಚ್ಚಿನವರು ಎರಡು ಸಲ ಬಂದು ಕರೆದು ಬೈಸಿಕೊಂಡು ಹೋದರು. ಓದಿ ಮುಗಿಸಿ ಕನ್ನಡಕ ತೆಗೆದಿಟ್ಟರು.

"ಇಲ್ಲ ಅಂತ ಬರೀಬೇಕಾದ್ರ ಪೂರ್ತಿ ಓದಿರಬೇಕು. ಓದೀವಿ. ಹಾಕ್ರಿ," ಎಂದರು.

ಭಾನುವಾರದ ಸಂಚಿಕೆಯಲ್ಲಿ ಅದು ಬಂತು. ಪೇಟೆಗೆ ವಿವರಣೆ ಬೇಕಾಗಲಿಲ್ಲ. ಮೊದಲ ದಿನ ಹಲಗೆ ಓದಿ ಓಡಿದವರೇ ಈಗಲೂ ಮೊದಲು ಅರ್ಥಮಾಡಿಕೊಂಡರು. ಅಂದು ಬಜಾರಿಗೆ ರಜೆ, ಆದರೂ ಅಂಗಡಿಗಳ ಕಟ್ಟೆಯ ಮೇಲೆ ಎಂಜಿನ್ನಿನ ಬೆಲೆ ಏರತೊಡಗಿತ್ತು. ಆಗಲೇ ಎಂಜಿನ್ ಮಾರಿಬಿಟ್ಟಿದ್ದವರು ನಮ್ಮ ಕಚೇರಿಗೆ ಬಂದರು.

ಸಿರುಗುಪ್ಪದ ಅಕ್ಕಿ ಗಿರಣಿಯವನು ಮುಂದಿದ್ದ. ಮೊದಲ ದಿನವೇ ಯಾಕೆ ಹಾಕಲಿಲ್ಲ ಎಂದು ಮೇಜು ಗುದ್ದಿದ. ಮೊದಲ ದಿನ ಪೂರ್ತಿ ಭಾಷಣ ಬಂದಿರಲಿಲ್ಲ ಎಂದು ಹೇಳಿದ್ದು ಅವನ ಕಿವಿಗೆ ಬೀಳಲಿಲ್ಲ. ಇನ್ನೂ ಕೆಲವರು ತಮಗೆ ಕರೆಂಟು ಬರಬಾರದೆಂದು ನಾವು ಬರೆದಿದ್ದೇವೆ ಎಂದುಕೊಂಡಿದ್ದರು. ಒಬ್ಬ ನಾವು ಮದ್ರಾಸಿನ ಕೂಳು ತಿಂದವರು ಎಂದ. ಅವನ ಹಿಂದೆ ನಿಂತಿದ್ದವನು, ಅಲ್ಲ, ಇವರು ಮೈಸೂರಿನವರ ಪರ ಎಂದ. ಅವರಿಬ್ಬರೂ ಒಬ್ಬರನ್ನೊಬ್ಬರು ದೂಡಿಕೊಂಡರು. ಸಂಜೆಗೆ ಕರಿಹಲಗೆಯ ಮೇಲೆ ಯಾರೋ ಡಾಂಬರು ಬಳಿದಿದ್ದರು. ಸೀಮೆಸುಣ್ಣ ಮೂಡದಂತಾಗಿತ್ತು. ಮಾಲೀಕರು ಕಚೇರಿಗೆ ಬರಲಿಲ್ಲ. ಮುಂದಿನ ಬಜೆಟ್ಟನ್ನು ಕನ್ನಡ ಮಾಡುವ ಕೆಲಸವನ್ನು ನನಗೆ ಕೊಡಕೂಡದು ಎಂದು ಮಾತ್ರ ಹೇಳಿಕಳಿಸಿದರು.

ಸೋಮವಾರ ನಾನು ರಜೆ ಹಾಕಿ ಕುರುಗೋಡಿಗೆ ಹೋದೆ. ವಿಚಾರಿಸಿ ತಿಳಿಸುತ್ತೇನೆ ಎಂದಿದ್ದೆ, ಅಷ್ಟೇ ಕಾರಣ.

ಗಿರಣಿಯ ಮುಂದೆ ಬಂಡಿ ನಿಂತಿತ್ತು. ದಳ್ಳಾಳಿ ಬಿಳಿ ಪಂಚೆಯ ತೂಕದ ಮನುಷ್ಯ. ಅವನ ಆಳುಗಳು ಎರಡು ಬೋಲ್ಟು ಬಿಚ್ಚಿದ್ದರು. ಮೈದುನ ನೀರಿನ ತೊಟ್ಟಿ ಖಾಲಿ ಮಾಡುತ್ತಿದ್ದ. ಗಿರಣಿ ಅಕ್ಕ ಬೀಸುವ ಕಲ್ಲಿನ ಪಕ್ಕ ನಿಂತಿದ್ದಳು. ಜೋಳದ ಬುಟ್ಟಿ ಹಿಡಿದು ಬಂದವರೂ ನೋಡಲು ಬಂದವರೂ ಸುತ್ತ ನೆರೆದಿದ್ದರು. ಪೇಟೆ ಧಾರಣೆಯ ಎರಡು ಸಾಲನ್ನು ಶಾಲೆಯ ಮಾಸ್ತರರು ಬೆಳಿಗ್ಗೆ ಓದಿ ಹೇಳಿದ್ದಾರೆಂದು ಅವರ ಮಾತಿನಿಂದ ತಿಳಿಯಿತು. ಮೈದುನ ಅದಕ್ಕೆ ಬಗ್ಗಿರಲಿಲ್ಲ. ಪೇಪರಿನವರು ಒಂದು ದಿನ ಬರುತ್ತದೆ ಎನ್ನುತ್ತಾರೆ, ಒಂದು ದಿನ ಇಲ್ಲ ಎನ್ನುತ್ತಾರೆ ಎಂದು ಎಲ್ಲರಿಗೂ ಹೇಳುತ್ತಿದ್ದ.

ಅವಳು ನನ್ನನ್ನು ಕಂಡು ಅಲ್ಲಿಂದಲೇ ಕೇಳಿದಳು.

"ವಿಚಾರಿಸಿದ್ರೇನು? ಯಾವಾಗ ಬರ್ತೈತಿ?"

"ಗೊತ್ತಿಲ್ಲ," ಎಂದೆ. "ಬಜೆಟ್ಟಿನಲ್ಲಿ ಹೇಳಿಲ್ಲ. ಈ ವರ್ಷ ಬರುತ್ತದೆ ಎನ್ನಲು ಯಾವ ಆಧಾರವೂ ನನಗೆ ಸಿಗಲಿಲ್ಲ. ಬರುವ ವರ್ಷದ್ದೂ ಗೊತ್ತಿಲ್ಲ."

ನಗೆ ಎದ್ದಿತು. ಗೊತ್ತಿಲ್ಲಂತ ಹೇಳಾಕ ಬಳ್ಳಾರಿಯಿಂದ ಬಸ್ಸು ಹತ್ತಿ ಬಂದಾನ ನೋಡ್ರಲೇ ಎಂದ ಮೈದುನ. ನಗೆ ಇನ್ನೂ ಜೋರಾಯಿತು. ಅವಳು ನಗಲಿಲ್ಲ. ದಳ್ಳಾಳಿಯ ಕಡೆ ತಿರುಗಿದಳು.

"ನಿಮಗ ಗೊತ್ತೈತೇನ್ರಿ?"

"ಗೊತ್ತಿಲ್ಲದೆ ವ್ಯಾಪಾರ ಮಾಡ್ತೀನೇನಮ್ಮಾ? ಬರೋ ವರ್ಷಕ್ಕ ಗ್ಯಾರಂಟಿ. ನಿಮ್ಮ ಗಿರಣಿಗೆ ಪುಟ್ಟ ಮೋಟಾರು ಸಾಕು, ನಾನೇ ತಂದು ಕೂಡಿಸ್ತೀನಿ."

"ಗ್ಯಾರಂಟಿ ಐತಲ್ಲ. ಹಂಗಾದ್ರ ವಾಯಿದೆ ಮಾಡೋಣ. ತಿಂಗಳು ನೀವೇ ಹೇಳ್ರಿ. ಎಂಜಿನ್ ನಿಮ್ದು, ದರ ಇವತ್ತಿಂದು, ಈ ಮೈದುನ ಮಾತಾಡಿದ್ದು. ಕರೆಂಟ್ ಬರೋತನ ನಾನು ಬೀಸ್ತೀನಿ. ಬಂದ ದಿನ ಬಂಡಿ ತಂದು ಒಯ್ರಿ. ಆ ತಿಂಗಳಿಗೆ ಕರೆಂಟ್ ಬರಲಿಲ್ಲಂದ್ರ ವಾಯಿದೆ ಮುರೀತು, ಎಂಜಿನ್ ನಂದು."

ಶೇಂಗಾ ಬೆಳೆಯುವ ಊರು. ಅವಳು ಹೇಳಿದ್ದು ಅಲ್ಲಿದ್ದ ಪ್ರತಿಯೊಬ್ಬರಿಗೂ ತಿಳಿಯಿತು. ನಗುತ್ತಿದ್ದವರು ಈಗ ದಳ್ಳಾಳಿಯ ಮುಖ ನೋಡಿದರು. ಅವನು ಹೆಗಲ ಮೇಲಿನ ವಸ್ತ್ರ ಸರಿಮಾಡಿಕೊಂಡ. ಕಬ್ಬಿಣಕ್ಕೆ ವಾಯಿದೆ ಮಾಡುವ ರೂಢಿ ಇಲ್ಲ ಎಂದ. ರೂಢಿ ಮಾಡೋಣ, ತಿಂಗಳು ಹೇಳ್ರಿ ಎಂದಳು. ಹೆಂಗಸರ ಜೊತೆ ತಾನು ಸೌದಾ ಕುದುರಿಸುವುದಿಲ್ಲ, ಮಾತು ಗಂಡಸಿನೊಂದಿಗೆ ಆಗಿದೆ ಎಂದ. ಆಗ ಬುಟ್ಟಿ ಹಿಡಿದಿದ್ದ ಒಬ್ಬ ಮುದುಕ, ಗಂಡಸಿಗೇ ಹೇಳಪ್ಪ ತಿಂಗಳ, ನಾವೂ ಕೇಳ್ತೀವಿ ಎಂದ.

ದಳ್ಳಾಳಿ ತಿಂಗಳು ಹೇಳಲಿಲ್ಲ. ತನ್ನ ಆಳುಗಳಿಗೆ ತೆಲುಗಿನಲ್ಲಿ ಏನೋ ಹೇಳಿದ. ಅವರು ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟು ಹೊರಬಂದರು. ಮೈದುನ ಅವನ ಹಿಂದೆ ಬಂಡಿಯವರೆಗೆ ಹೋಗಿ, ಬೇಡಿಕೊಳ್ಳುವ ದನಿಯಲ್ಲಿ ಮಾತಾಡಿದ. ಬಂಡಿ ಖಾಲಿಯಾಗಿಯೇ ಹೊರಟಿತು.

ತಿರುಗಿ ಬಂದ ಮೈದುನ ಗಿರಣಿಯ ಒಳಗೆ ಕಾಲಿಡಲಿಲ್ಲ. ಬಾಗಿಲಲ್ಲಿ ನಿಂತು, ಇಷ್ಟು ಜನರ ಮುಂದೆ ತನ್ನ ಮಾನ ತೆಗೆದವಳು ಇನ್ನು ತನ್ನ ಮನೆಯ ಹೊಸ್ತಿಲು ತುಳಿಯಕೂಡದು, ಹಬ್ಬಕ್ಕೂ ಇಲ್ಲ, ಸಾವಿಗೂ ಇಲ್ಲ ಎಂದ. ನೆರೆದವರಲ್ಲಿ ಯಾರೂ ಅವನನ್ನು ತಡೆಯಲಿಲ್ಲ. ಅವನ ಕಡೆಯ ಇಬ್ಬರು ಹೆಂಗಸರು ಜೋಳದ ಬುಟ್ಟಿಗಳನ್ನು ಎತ್ತಿಕೊಂಡು, ಬೀಸಿಸದೆ, ಅವನ ಹಿಂದೆ ಹೋದರು.

ಅವಳು ಪಾನಾ ಎತ್ತಿಕೊಂಡು, ಬಿಚ್ಚಿದ್ದ ಮೊದಲ ಬೋಲ್ಟನ್ನು ಬಿಗಿಯಲು ಕೂತಳು. ನಾನು ಸಹಾಯಕ್ಕೆ ಬಗ್ಗಿದೆ.

"ಬ್ಯಾಡ್ರಿ," ಎಂದಳು. "ನಿಮ್ಮ ಹಲಗಿ ಮ್ಯಾಲ ಬರ್ದದ್ದಕ್ಕ ನನ್ನ ಮನಿ ಎರಡಾತು. ನೀವು ಹೋಗ್ರಿ."

ನಾನು ಹೊರಗೆ ಬಂದೆ. ಅವಳು ತೊಟ್ಟಿಗೆ ಹೊಸ ನೀರು ತುಂಬಿಸಿ, ಎಂಜಿನ್ನಿನ ತಲೆಗೆ ಬೆಂಕಿ ಹಿಡಿದು ಕಾಯಿಸಿ, ಗಾಲಿ ತಿರುಗಿಸುವವರೆಗೂ ಉಳಿದ ಬುಟ್ಟಿಗಳವರು ಸರದಿಯಲ್ಲಿ ನಿಂತಿದ್ದರು. ಮುದುಕನ ಬುಟ್ಟಿ ಮೊದಲಿತ್ತು.